ಕಾಕಾ ಕಳಿಸಿದ ವಿಡಿಯೊ, ಅಜ್ಜಿ ಮನೆಯ ತಗಡು

ಗುಂಪು: ನಮ್ಮ ವಾಡೆ

ಕಾಕಾ: (ಫಾರ್ವರ್ಡ್ ಮಾಡಿದ ವಿಡಿಯೊ) ನಿನ್ನೆ ಸಂಜೆ ಆಳಂದ ಹತ್ತಿರ ಭಯಂಕರ ಚಂಡಮಾರುತ! ಇಂದು ಕಲಬುರಗಿ ಕಡೆ ಬರಲಿದೆ. ಮನೆಯ ಕಿಟಕಿ ಬಾಗಿಲು ಎಲ್ಲ ತೆರೆದಿಡಿ. ಹೊರಗಿದ್ದರೆ ಸೇತುವೆ ಕೆಳಗೆ ನಿಂತುಕೊಳ್ಳಿ. ಕೂಡಲೇ 10 ಗುಂಪಿಗೆ ಕಳಿಸಿ ಜೀವ ಉಳಿಸಿ.

ಕಾಕಾ: ಎಲ್ಲರೂ ನೋಡಿ. ಮಕ್ಕಳನ್ನು ಸಂಜೆ ಹೊರಗೆ ಬಿಡಬೇಡಿ.

ಚಿಗವ್ವ: ಅಯ್ಯೋ ದೇವರೇ. ನಮ್ಮವರು ತೊಗರಿ ಹಣ ತರೋಕೆ ಅಂತ ಬೆಳಿಗ್ಗೆನೇ ಆಳಂದಕ್ಕೆ ಹೋಗಿದ್ದಾರೆ. ಫೋನ್ ಹತ್ತುತ್ತಿಲ್ಲ.

ಬೀದರ್ ಮಾವ: ನಮ್ಮಲ್ಲೂ ನಿನ್ನೆ ಜೋರು ಗಾಳಿ ಇತ್ತು. ಹಿತ್ತಲಲ್ಲಿ ಮಾವಿನಕಾಯಿ ರಾಶಿ ಬಿದ್ದಿದೆ.

ನಾನು: ಚಿಗವ್ವ, ಗಾಬರಿ ಆಗಬೇಡಿ. ಇದು ಆಳಂದದ್ದಲ್ಲ. ವಿಡಿಯೊ ಇನ್ನೊಮ್ಮೆ ನಿಧಾನಕ್ಕೆ ನೋಡಿ. ಹಳದಿ ಬಣ್ಣದ ಶಾಲಾ ಬಸ್ಸು ರಸ್ತೆಯ ಬಲಗಡೆ ಹೋಗುತ್ತಿದೆ. ನಮ್ಮಲ್ಲಿ ಎಡಗಡೆ ಅಲ್ವಾ? ಹಿಂದೆ ಗುಡಿ ಗೋಪುರದಷ್ಟು ಎತ್ತರದ ತಗಡಿನ ಕಣಜಗಳಿವೆ. ಅದು ಅಮೆರಿಕದ ಬಯಲು ಸೀಮೆ. ಗಾಳಿ ನಿಜ, ಊರು ಸುಳ್ಳು.

ಕಾಕಾ: ಎಲ್ಲಿಯದಾದರೂ ಆಗಲಿ. ಎಚ್ಚರ ಇರಲಿ ಅಂತ ಕಳಿಸಿದೆ. ಅದರಲ್ಲಿ ತಪ್ಪೇನು? ಹೋದ ವರ್ಷ ಊರಲ್ಲಿ ಕೊಟ್ಟಿಗೆಯ ತಗಡು ಹಾರಿ ಹೋಗಿದ್ದು ಸುಳ್ಳಾ?

ನಾನು: ಅದು ಸುಳ್ಳಲ್ಲ ಕಾಕಾ. ಅದಕ್ಕೇ ನನಗೆ ಈ ಮೆಸೇಜ್ ನೋಡಿ ಹೆದರಿಕೆ ಆಗಿದ್ದು. ಇದರಲ್ಲಿ ಹೇಳಿದ ಎರಡು ಉಪಾಯಗಳೂ ಜೀವ ತೆಗೆಯುವಂಥವು.

ತಮ್ಮ: ಕಿಟಕಿ ತೆರೆದಿಡಬೇಕು ಅಂತ ನಾನೂ ಎಲ್ಲೋ ಓದಿದ್ದೆ ಅಕ್ಕ. ಒಳಗಿನ ಒತ್ತಡ ಹೊರಗೆ ಹೋಗದಿದ್ದರೆ ಮನೆ ಬಲೂನಿನ ಹಾಗೆ ಒಡೆಯುತ್ತೆ ಅಂತ.

ನಾನು: ಹಿಂದೆ ಅಮೆರಿಕದಲ್ಲೂ ಜನ ಹಾಗೇ ನಂಬಿದ್ದರು. ಸುಂಟರಗಾಳಿ ನಡುವೆ ಒತ್ತಡ ಕುಸಿಯೋದು ನಿಜ. 2003ರಲ್ಲಿ ಸೌತ್ ಡಕೋಟಾದ ಮ್ಯಾಂಚೆಸ್ಟರ್ ಎಂಬ ಸಣ್ಣ ಊರಿನ ಹತ್ತಿರ ಟಿಮ್ ಸಮಾರಸ್ ಎಂಬ ಸಂಶೋಧಕ ಗಾಳಿಯ ದಾರಿಯಲ್ಲಿ ಒಂದು ಉಪಕರಣ ಇಟ್ಟು ಓಡಿ ಬಂದರು. ಗಾಳಿ ಅದರ ಮೇಲೇ ಹಾದು ಹೋಯಿತು. ಒತ್ತಡ 100 ಮಿಲಿಬಾರ್‌ನಷ್ಟು, ಅಂದರೆ ಮಾಮೂಲಿ ಒತ್ತಡದ ಸುಮಾರು ಹತ್ತನೇ ಒಂದು ಪಾಲು, ಇಳಿದಿತ್ತು. ಆದರೂ ಮನೆ ಬೀಳೋದು ಆ ಕಾರಣಕ್ಕಲ್ಲ. ಗಾಳಿ ಒಳಗೆ ನುಗ್ಗಿ ಸೂರನ್ನು ಕೆಳಗಿನಿಂದ ಎತ್ತುತ್ತೆ. ಸೂರಿನ ಮೇಲೆ ಹಾದು ಹೋಗುವ ಗಾಳಿ ಅದನ್ನೇ ಮೇಲಕ್ಕೆ ಸೆಳೆಯುತ್ತೆ. ಸೂರು ಹೋದ ಮೇಲೆ ಗೋಡೆಗೆ ಹಿಡಿತ ಎಲ್ಲಿ? ಕಿಟಕಿ ತೆರೆಯೋದು ಅಂದರೆ ಗಾಳಿಗೆ ನಾವೇ ದಾರಿ ಬಿಟ್ಟಂತೆ. ತೆರೆಯೋಕೆ ಹೋಗಿ ನಿಂತವರಿಗೆ ಗಾಜು ಬಡಿಯುತ್ತೆ, ಅದು ಬೇರೆ.

ಬೀದರ್ ಮಾವ: ಮತ್ತೆ ಸೇತುವೆ? ಕಾಂಕ್ರೀಟು ಗಟ್ಟಿ ಇರುತ್ತಲ್ಲ.

ನಾನು: ಮಾವ, ನೀವು ರಾಶಿ ಮಾಡುವಾಗ ಎಲ್ಲಿ ನಿಂತು ತೂರುತ್ತೀರಿ? ಗಾಳಿ ಜಾಸ್ತಿ ಇರುವ ಕಡೆ ಅಲ್ವಾ? ಎರಡು ಗೋಡೆ ನಡುವಿನ ಸಂದಿಯಲ್ಲಿ ಗಾಳಿ ಎಷ್ಟು ಜೋರು ಅಂತ ನಿಮಗೇ ಗೊತ್ತು. ಸೇತುವೆ ಕೆಳಗೂ ಹಾಗೇ. 1991ರಲ್ಲಿ ಕಾನ್ಸಸ್‌ನಲ್ಲಿ ಟಿವಿಯವರು ಸೇತುವೆ ಕೆಳಗೆ ಅವಿತು ವಿಡಿಯೊ ತೆಗೆದು ಬದುಕಿ ಬಂದರು. ಅದನ್ನು ನೋಡಿದ ಜನ ಅದೇ ಸರಿ ಅಂದುಕೊಂಡರು. 1999ರ ಮೇ 3ರಂದು ಒಕ್ಲಹೋಮಾದಲ್ಲಿ ಗಾಳಿ ಎದ್ದಾಗ ಎಷ್ಟೋ ಜನ ಕಾರು ನಿಲ್ಲಿಸಿ ಸೇತುವೆ ಕೆಳಗಿನ ಇಳಿಜಾರು ಹತ್ತಿ ಕೂತರು. ಮೂರು ಸೇತುವೆಗಳ ಕೆಳಗೆ ಒಬ್ಬೊಬ್ಬರಂತೆ ಮೂವರು ಸತ್ತರು. ಉಳಿದವರಲ್ಲಿ ತುಂಬಾ ಜನರಿಗೆ ಭಾರಿ ಗಾಯ. ಅವತ್ತು ಬ್ರಿಡ್ಜ್ ಕ್ರೀಕ್ ಮತ್ತು ಮೂರ್ ಕಡೆ ಹಾದ ಗಾಳಿಯ ವೇಗ ರಾಡಾರ್‌ನಲ್ಲಿ ಗಂಟೆಗೆ 480 ಕಿಲೋಮೀಟರ್ ದಾಟಿತ್ತು. ಆ ಒಂದು ಗಾಳಿಗೆ 36 ಜನ ಹೋದರು. ಒಂದು ವಿಡಿಯೊ ನೋಡಿ ಕಲಿತದ್ದು ಎಂಟು ವರ್ಷ ಆದಮೇಲೆ ಜೀವ ತೆಗೆಯಿತು ಮಾವ.

ಬೀದರ್ ಮಾವ: ತೂರುವ ಮಾತು ಹೇಳಿದ್ದಕ್ಕೆ ತಿಳಿಯಿತು.

ಚಿಗವ್ವ: ಇವರ ಫೋನ್ ಬಂತು. ಆಳಂದದಲ್ಲಿ ಬರೀ ಬಿಸಿಲಂತೆ. ಉಸಿರು ಬಂತು ನನಗೆ.

ಕಾಕಾ: ಒಳ್ಳೆಯದಾಯಿತು.

ತಮ್ಮ: ಆದರೆ ಅಕ್ಕ, ಕಾಕಾ ಹೇಳಿದ್ದರಲ್ಲೂ ಒಂದು ಮಾತಿದೆ. 1925ರ ಮಾರ್ಚ್ 18ರಂದು ಅಮೆರಿಕದ ಮಿಸೌರಿ, ಇಲಿನಾಯ್, ಇಂಡಿಯಾನಾ ಮೂರು ರಾಜ್ಯಗಳನ್ನು ಒಂದೇ ಸುಂಟರಗಾಳಿ ದಾಟಿತು. 352 ಕಿಲೋಮೀಟರ್. ಬೀದರಿನಲ್ಲಿ ಶುರುವಾಗಿ ಬಳ್ಳಾರಿ ದಾಟಿದ ಹಾಗೆ. ಮೂರೂವರೆ ಗಂಟೆ ನೆಲ ಬಿಡಲಿಲ್ಲ. ಸತ್ತವರು 695. ಮರ್ಫಿಸ್ಬರೋ ಎಂಬ ಒಂದೇ ಊರಲ್ಲಿ 234. ಆಗ ಅಲ್ಲಿನ ಹವಾಮಾನ ಇಲಾಖೆ ಮುನ್ಸೂಚನೆಯಲ್ಲಿ ‘ಟೊರ್ನಾಡೊ’ (ಇಂಥ ಸುಂಟರಗಾಳಿಗೆ ಇಂಗ್ಲಿಷ್ ಹೆಸರು) ಎಂಬ ಪದವನ್ನೇ ಬಳಸುತ್ತಿರಲಿಲ್ಲ. ಜನ ಗಾಬರಿ ಆಗುತ್ತಾರೆ ಅಂತ. ಮುಂದಿನ ಊರಿಗೆ ಹೇಳುವವರೇ ಇರಲಿಲ್ಲ.

ಕಾಕಾ: ನೋಡು! ಹೇಳದೆ ಸುಮ್ನೆ ಕೂತಿದ್ದಕ್ಕೇ ಅಷ್ಟು ಜನ ಹೋದರು. ಗಾಬರಿ ಆದರೂ ಪರವಾಗಿಲ್ಲ, ಹೇಳಬೇಕು. ನಾನು ಮಾಡಿದ್ದು ಅದೇ.

ನಾನು: ಕಾಕಾ, ಹೇಳಲೇಬೇಕು. ಅದರಲ್ಲಿ ನಾನು ನಿಮ್ಮ ಕಡೆ. ಆದರೆ ಜಾಪ್ಲಿನ್ ಊರಿನ ಕಥೆ ಕೇಳಿ. 2011ರ ಮೇ 22, ಭಾನುವಾರ ಸಂಜೆ. ಮಿಸೌರಿಯದ್ದೇ ಊರು. ಗಾಳಿ ಬರುವ ಸುಮಾರು 20 ನಿಮಿಷ ಮುಂಚೆ ಸೈರನ್ ಕೂಗಿತು. 20 ನಿಮಿಷ ಅಂದರೆ ಕಡಿಮೆ ಅಲ್ಲ. ಆದರೂ ಎಷ್ಟೋ ಜನ ಕೂತಲ್ಲಿಂದ ಏಳಲಿಲ್ಲ. ಆಮೇಲೆ ತನಿಖೆ ಮಾಡಿದವರು ಊರವರನ್ನು ಕೇಳಿದರು. ಸೈರನ್ ಮೇಲಿಂದ ಮೇಲೆ ಕೂಗುತ್ತಲೇ ಇರುತ್ತೆ, ಏನೂ ಆಗಲ್ಲ ಅನ್ನುವುದು ಅವರಿಗೆ ರೂಢಿ ಆಗಿಬಿಟ್ಟಿತ್ತು. ಇನ್ನೊಂದು ಸೂಚನೆ ಬರಲಿ, ಕಣ್ಣಿಗೆ ಕಾಣಲಿ ಅಂತ ಕಾದರು. ಗಾಳಿಗೇ ಸಿಕ್ಕಿ ಸತ್ತವರು 158. ದೊಡ್ಡ ಆಸ್ಪತ್ರೆಯೊಂದು ಎಷ್ಟು ಜಖಂ ಆಯಿತೆಂದರೆ ಆಮೇಲೆ ಅದನ್ನು ಕೆಡವಿದರು. ಅಲ್ಲಿನ ಎಕ್ಸ್-ರೇ ಹಾಳೆಗಳು 100 ಕಿಲೋಮೀಟರ್ ಆಚೆ ಜನರ ಅಂಗಳದಲ್ಲಿ ಬಿದ್ದವು. 1925ರಲ್ಲಿ ಜನರಿಗೆ ಸುದ್ದಿ ಸಿಗಲಿಲ್ಲ. 2011ರಲ್ಲಿ ಸಿಕ್ಕ ಸುದ್ದಿಯನ್ನು ನಂಬಲಿಲ್ಲ.

ನಾನು: ಈ ಗುಂಪಿಗೆ ಇಂಥ ಮೆಸೇಜು ಈ ಬೇಸಿಗೆಯಲ್ಲಿ ಇದು ನಾಲ್ಕನೇದು. ಐದನೇದು ನಿಜವಾಗಿದ್ದರೆ ಯಾರು ತೆರೆದು ನೋಡುತ್ತಾರೆ ಹೇಳಿ?

(ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ.)

ಶಹಾಬಾದ್ ಅತ್ತೆ: ಅವನ ಮೇಲೆ ಅಷ್ಟು ಜೋರು ಮಾಡಬೇಡವ್ವ. ದೊಡ್ಡವನು. ಮನೆಯವರ ಮೇಲಿನ ಕಾಳಜಿಗೆ ಕಳಿಸಿದ್ದಾನೆ.

ನಾನು: ಗೊತ್ತು ಅತ್ತೆ. ಕಾಕಾ ಕಾಳಜಿ ಮಾಡದಿದ್ದರೆ ನಾವು ಯಾರೂ ಓದುತ್ತಿರಲಿಲ್ಲ. ಅವರ ಮಾತನ್ನು ಎಲ್ಲರೂ ಕೇಳುತ್ತಾರೆ, ಅದಕ್ಕೇ ಅವರಿಗೇ ಹೇಳುತ್ತಿದ್ದೇನೆ.

ಬೀದರ್ ಮಾವ: ಅದಿರಲಿ. ಚಂಡಮಾರುತ, ಸುಂಟರಗಾಳಿ ಎರಡೂ ಒಂದೇ ಅಲ್ವಾ? ಚೈತ್ರದಲ್ಲಿ ಹೊಲದಲ್ಲಿ ಮಣ್ಣು ಎತ್ತಿಕೊಂಡು ತಿರುಗುತ್ತಲ್ಲ, ದೆವ್ವದ ಗಾಳಿ ಅಂತೇವೆ, ಅದೇನು?

ನಾನು: ಮೂರೂ ಬೇರೆ ಮಾವ. ಚಂಡಮಾರುತ ಸಮುದ್ರದಲ್ಲಿ ಹುಟ್ಟುತ್ತೆ. ನೂರಾರು ಕಿಲೋಮೀಟರ್ ಅಗಲ, ದಿನಗಟ್ಟಲೆ ಇರುತ್ತೆ, ಅದಕ್ಕೆ ಹೆಸರಿಡುತ್ತಾರೆ. ನಮ್ಮ ತನಕ ಬರುವಷ್ಟರಲ್ಲಿ ಬಲ ಕಳೆದುಕೊಂಡು ಮಳೆಯಾಗಿರುತ್ತೆ. ಹೊಲದ ದೆವ್ವದ ಗಾಳಿ ಕಾದ ನೆಲದಿಂದ ಮೇಲೆ ಏಳೋದು. ಅದಕ್ಕೆ ಮೋಡವೇ ಬೇಡ. ಟೊರ್ನಾಡೊ ಮಾತ್ರ ಗುಡುಗು ಮೋಡಕ್ಕೆ ಅಂಟಿಕೊಂಡು ಇಳಿಯುತ್ತೆ. ನಮ್ಮ ಮಾತಿನಲ್ಲಿ ದೆವ್ವದ ಗಾಳಿ, ಟೊರ್ನಾಡೊ ಎರಡಕ್ಕೂ ಸುಂಟರಗಾಳಿ ಅಂತಲೇ ಅನ್ನುತ್ತೇವೆ. ಗೊಂದಲ ಅಲ್ಲಿಂದಲೇ.

ನಾನು: ಹೇಗೆ ಹುಟ್ಟುತ್ತೆ ಅಂತ ಶಾಲೆಯಲ್ಲಿ ಮಕ್ಕಳಿಗೆ ಜೋಳದ ದಂಟಿನಿಂದ ತೋರಿಸುತ್ತೇನೆ. ದಂಟನ್ನು ಎರಡು ಅಂಗೈ ನಡುವೆ ಅಡ್ಡ ಇಡಿ. ಮೇಲಿನ ಕೈ ಬೇಗ ಸರಿಸಿ, ಕೆಳಗಿನದು ನಿಧಾನ. ದಂಟು ಉರುಳುತ್ತೆ. ನೆಲದ ಹತ್ತಿರ ನಿಧಾನ ಗಾಳಿ, ಎತ್ತರದಲ್ಲಿ ಜೋರು ಗಾಳಿ, ಅದೂ ಬೇರೆ ದಿಕ್ಕಿನಿಂದ ಬಂದರೆ ನಡುವಿನ ಗಾಳಿ ಹೀಗೇ ಅಡ್ಡ ಉರುಳುತ್ತೆ. ಆಗ ಬಿಸಿ ತೇವದ ಗಾಳಿ ಕೆಳಗಿನಿಂದ ಜೋರಾಗಿ ಮೇಲೆ ನುಗ್ಗಿದರೆ ಉರುಳುವ ದಂಟು ಎದ್ದು ನಿಲ್ಲುತ್ತೆ. ಮೋಡವೇ ತಿರುಗೋಕೆ ಶುರುವಾಗುತ್ತೆ. ಅಂಥ ಎಲ್ಲ ಮೋಡದಿಂದಲೂ ಸುಂಟರಗಾಳಿ ಇಳಿಯಲ್ಲ, ಕೆಲವು ಸಲ ಮಾತ್ರ. ಅಮೆರಿಕದಲ್ಲಿ ಕೆಳಗೆ ಮೆಕ್ಸಿಕೋ ಕೊಲ್ಲಿಯ ತೇವ, ಮೇಲೆ ರಾಕಿ ಬೆಟ್ಟದ ಕಡೆಯ ಒಣ ಗಾಳಿ. ವರ್ಷಕ್ಕೆ ಸುಮಾರು 1,200 ಸುಂಟರಗಾಳಿ ಅಲ್ಲಿ.

ತಮ್ಮ: ನಮ್ಮ ದೇಶದಲ್ಲಿ ಬರಲ್ಲ ಅಲ್ವಾ?

ನಾನು: ಬರುತ್ತೆ. 1978ರ ಮಾರ್ಚ್ 17ರಂದು ದೆಹಲಿಯಲ್ಲಿ ವಿಶ್ವವಿದ್ಯಾಲಯದ ಕಡೆ ಬಂದಿತ್ತು. 28 ಜನ ಸತ್ತರು. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪಾಯಿಗುಡಿ ಜಿಲ್ಲೆಯ ಮೈನಾಗುಡಿ ಕಡೆ ಬಂತು. ಕೆಲವೇ ನಿಮಿಷದಲ್ಲಿ ಮನೆಗಳು ನೆಲ ಕಚ್ಚಿದವು.

ತಮ್ಮ: ನಮ್ಮ ಕಡೆ ಬಂದರೆ ಬೈಕ್ ತೆಗೆದುಕೊಂಡು ಹತ್ತಿರದಿಂದ ವಿಡಿಯೊ ಮಾಡಬೇಕು ಅಂತಿದ್ದೆ.

ನಾನು: ಬೇಡ ಮಾರಾಯ. ಆಗಲೇ ಹೇಳಿದೆನಲ್ಲ ಟಿಮ್ ಸಮಾರಸ್, ಅವರಷ್ಟು ಎಚ್ಚರದ ಮನುಷ್ಯ ಆ ಕೆಲಸದಲ್ಲಿ ಕಡಿಮೆ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೆನೊ ಹತ್ತಿರ ಗಾಳಿ ದಿಢೀರನೆ ದಿಕ್ಕು ಬದಲಿಸಿ ಹಿಗ್ಗಿತು. 4.2 ಕಿಲೋಮೀಟರ್ ಅಗಲ, ಅಳೆದವುಗಳಲ್ಲಿ ಅಷ್ಟು ಅಗಲದ್ದು ಇನ್ನೊಂದಿಲ್ಲ. ಅವರು, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಕಾರಿನಲ್ಲಿದ್ದಾಗ ಗಾಳಿಗೆ ಸಿಕ್ಕಿ ಸತ್ತರು. ಅವತ್ತು ಸುಂಟರಗಾಳಿಗೆ ಸತ್ತ ಎಂಟೂ ಜನ ವಾಹನದಲ್ಲಿದ್ದವರೇ. ನಿನ್ನ ಹತ್ತಿರ ಇರೋದು ಬೈಕ್.

ತಮ್ಮ: ಸರಿ ಅಕ್ಕ. ಹೋಗಲ್ಲ.

ಕಾಕಾ: ಇಷ್ಟೆಲ್ಲ ಹೇಳಿದೆ. ಎಲ್ಲ ಅಮೆರಿಕದ ಕಥೆ. ನಮ್ಮ ಊರಿಗೆ ಅದರಿಂದ ಏನು? ಅದನ್ನು ಹೇಳು.

ನಾನು: ಒಳ್ಳೆಯದು ಕೇಳಿದಿರಿ ಕಾಕಾ. ನನ್ನ ತಲೆಯಲ್ಲಿ ಬೆಳಿಗ್ಗೆಯಿಂದ ಕೂತಿರೋದು ಅಮೆರಿಕ ಅಲ್ಲ, ಬಾಂಗ್ಲಾದೇಶ. ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಅಲ್ಲಿಯದು. 1989ರ ಏಪ್ರಿಲ್ 26, ಮಾಣಿಕ್‌ಗಂಜ್ ಜಿಲ್ಲೆಯ ದೌಲತ್‌ಪುರ, ಸಾಟುರಿಯಾ. ಬರಗಾಲ ಬಿದ್ದ ಸೀಮೆ. ಜನ ಮಳೆಗೆ ಕಾದಿದ್ದರು. ಮೋಡ ಕಂಡಾಗ ಎಷ್ಟು ಖುಷಿ ಆಗಿರಬೇಕು, ನಮಗೆ ರೋಹಿಣಿ ಮಳೆಯ ಮೋಡ ಕಂಡ ಹಾಗೆ. ಸುಮಾರು 1,300 ಜನ ಸತ್ತರು. 12,000 ಜನಕ್ಕೆ ಗಾಯ. 80,000 ಜನಕ್ಕೆ ಮನೆ ಇಲ್ಲದಂತಾಯಿತು. 1996ರ ಮೇ 13ರಂದು ಅದೇ ದೇಶದ ತಾಂಗಾಯಿಲ್ ಕಡೆ ಮತ್ತೆ ನೂರಾರು ಜನ.

ನಾನು: ಅಲ್ಲಿನ ಗಾಳಿ ಅಮೆರಿಕದ್ದಕ್ಕಿಂತ ದೊಡ್ಡದು ಅಂತಲ್ಲ ಕಾಕಾ. ಮನೆಗಳು ನಮ್ಮಂಥವು. ಮಣ್ಣಿನ ಗೋಡೆ, ಬಿದಿರು, ಮೇಲೆ ತಗಡು. ಕೆಳಗೆ ಇಳಿದು ಕೂರೋಕೆ ನೆಲಮಾಳಿಗೆ ಇಲ್ಲ. ಹಾರಿದ ತಗಡು ಕುಡುಗೋಲಿನ ಹಾಗೆ ಜನರನ್ನು ಕತ್ತರಿಸಿತು. ಸುಂಟರಗಾಳಿಯಲ್ಲಿ ಜನ ಜಾಸ್ತಿ ಸಾಯೋದು ಗಾಳಿ ಎತ್ತಿ ಒಗೆಯೋದರಿಂದಲ್ಲ, ಗಾಳಿ ತಂದು ಬಡಿಯೋ ವಸ್ತುಗಳಿಂದ.

ನಾನು: ನಮ್ಮ ಕಲಬುರಗಿಗೆ ಅಂಥ ಟೊರ್ನಾಡೊ ಬರುತ್ತೆ ಅಂತ ನಾನು ಹೇಳುತ್ತಿಲ್ಲ. ಆದರೆ ತಗಡು ಹಾರಿಸೋಕೆ ಅಷ್ಟು ಗಾಳಿ ಬೇಕಿಲ್ಲ. ಏಪ್ರಿಲ್, ಮೇ ಅಡ್ಡಮಳೆ ಗಾಳಿ ಸಾಕು.

ಶಹಾಬಾದ್ ಅತ್ತೆ: ನಮ್ಮದು ಪರಸಿ ಕಲ್ಲಿನ ಸೂರು, ನಮಗೆ ಚಿಂತೆ ಇಲ್ಲ. ಆದರೆ ಅವ್ವ ಇರೋ ಮನೆಯ ಹಿಂದಿನ ಖೋಲಿ, ಕೊಟ್ಟಿಗೆ ಎರಡೂ ತಗಡೇ.

ಕಾಕಾ: ಅದರ ಮೇಲೆ ಕಲ್ಲು ಇಟ್ಟಿದ್ದೇನೆ. ಒಂದೊಂದು ಹತ್ತು ಕಿಲೋ ಇದೆ.

ನಾನು: ಅದೇ ಕಾಕಾ ನನ್ನ ಹೆದರಿಕೆ. ತಗಡು ಒಂದು ಮೂಲೆ ಎದ್ದರೆ ಕಲ್ಲು ಜಾರಿ ಕೆಳಗೆ ಬೀಳುತ್ತೆ. ಕೆಳಗೆ ಮಲಗಿರೋದು ಯಾರು? ಹೋದ ವರ್ಷ ಬಿದ್ದ ಕಲ್ಲು ಆಕಳ ಪಕ್ಕ ಬಿತ್ತು. ಎರಡು ಮೊಳ ಈಚೆ ಅಜ್ಜಿಯ ಮಂಚ.

(ಕಾಕಾ ಏನೂ ಬರೆಯಲಿಲ್ಲ.)

ತಮ್ಮ: ಅಜ್ಜಿ ನನ್ನ ಪಕ್ಕದಲ್ಲೇ ಇದ್ದಾಳೆ. ಎಲ್ಲ ಓದಿ ಹೇಳಿದೆ. ಅವಳು ಹೇಳಿದ್ದನ್ನು ಬರೆಯುತ್ತೇನೆ: “ಗಾಳಿ ಬಂದಾಗ ನಾನು ಮಂಚದ ಕೆಳಗೆ ಹೋಗುತ್ತೇನೆ. ನನ್ನ ಅತ್ತೆ ಕಲಿಸಿದ್ದು. ಸೂರು ನೋಡುತ್ತಾ ನಿಲ್ಲಬಾರದು ಅಂತಿದ್ದಳು. ಆಕಳನ್ನು ಮಾತ್ರ ಬಿಚ್ಚಿ ಬಿಡಬೇಕು.”

ನಾನು: ಅಜ್ಜಿ ಮಾಡೋದೇ ಸರಿ. ಕೆಳಗೆ ಇರಬೇಕು, ಕಿಟಕಿಯಿಂದ ದೂರ, ಒಳಗಿನ ಖೋಲಿಯಲ್ಲಿ, ತಲೆ ಮುಚ್ಚಿಕೊಂಡು. ಆದರೆ ಹಿಂದಿನ ಖೋಲಿ ಬೇಡ. ನಡುಮನೆಯ ಗೋಡೆ ದಪ್ಪ ಇದೆ, ಮೇಲೆ ಮಾಳಿಗೆ ಇದೆ. ಗುಡುಗು ಕೇಳಿದ ಕೂಡಲೇ ಅಲ್ಲಿಗೆ ಬರಲಿ.

ಬೀದರ್ ಮಾವ: ಸಿಡಿಲಿನದೂ ಹೇಳು. ನಮ್ಮ ಕಡೆ ಗಾಳಿಗಿಂತ ಸಿಡಿಲಿಗೆ ಹೋಗುವವರು ಜಾಸ್ತಿ.

ನಾನು: ಹೌದು ಮಾವ. ಹೊಲದಲ್ಲಿದ್ದರೆ ಬೇವಿನ ಮರ, ಹುಣಸೆ ಮರದ ಕೆಳಗೆ ನಿಲ್ಲಬೇಡಿ. ‘ದಾಮಿನಿ’ ಆಪ್ ಹಾಕಿಕೊಳ್ಳಿ. ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆ ಮಾಡಿದ್ದು. ನೀವಿರುವ ಜಾಗದ ಸುತ್ತ 20ರಿಂದ 40 ಕಿಲೋಮೀಟರ್ ಒಳಗಿನ ಸಿಡಿಲಿನ ಎಚ್ಚರಿಕೆ ಕೊಡುತ್ತೆ. ಎಲ್ಲಿ, ಯಾವಾಗ ಅಂತ ಇರುತ್ತೆ. ಕಾಕಾ, ಇಂಥದ್ದನ್ನು ಹತ್ತಲ್ಲ, ನೂರು ಗುಂಪಿಗೆ ಕಳಿಸಿ. ನಾನೂ ಕಳಿಸುತ್ತೇನೆ.

ಕಾಕಾ: (ಈ ಮೆಸೇಜ್ ಅಳಿಸಲಾಗಿದೆ)

ಕಾಕಾ: ವಿಡಿಯೊ ತೆಗೆದೆ. ಕಳಿಸಿದ ಉಳಿದ ಗುಂಪುಗಳಲ್ಲೂ ಸುಳ್ಳು ಅಂತ ಹಾಕಿದೆ. ಆದರೂ ಒಂದು ಹೇಳುತ್ತೇನೆ, ನಿಜವಾದ ಸುದ್ದಿ ಬಂದರೆ ನಾನೇ ಮೊದಲು ಕಳಿಸೋದು.

ನಾನು: ಕಳಿಸಿ ಕಾಕಾ. ನೀವು ಕಳಿಸಿದ್ದು ಅಂದರೆ ನಾನು ಅರ್ಧ ರಾತ್ರಿಯಲ್ಲೂ ಎದ್ದು ನೋಡುತ್ತೇನೆ.

ಕಾಕಾ: ಕಲ್ಲು ತೆಗೆದರೆ ತಗಡಿಗೆ ಏನು ಮಾಡೋದು? ತಂತಿ ಕಟ್ಟಿದರೆ ಸಾಕಾ?

ಶಹಾಬಾದ್ ಅತ್ತೆ: ತಂತಿ ತುಕ್ಕು ಹಿಡಿಯುತ್ತೆ. ನಮ್ಮ ಓಣಿಯಲ್ಲಿ ಎಲ್ಲರೂ ಜೆ ಬೋಲ್ಟು ಹಾಕಿದ್ದಾರೆ. ಕೆಳಗಿನ ಕಬ್ಬಿಣಕ್ಕೇ ಕೊಕ್ಕೆ ಹಾಕಿ ಬಿಗಿಯೋದು.

ನಾನು: ಅಂಚಿನ ತಗಡಿಗೆ ಜಾಸ್ತಿ ಬೋಲ್ಟು ಬೇಕು. ಗಾಳಿ ಮೊದಲು ಎತ್ತೋದು ಅಂಚನ್ನೇ. ಮೂಲೆಗಳಿಗೆ ಇನ್ನೂ ಹತ್ತಿರ ಹತ್ತಿರ.

ಕಾಕಾ: ಭಾನುವಾರ ನಾನು ಊರಿಗೆ ಬರುತ್ತೇನೆ. ವೆಲ್ಡಿಂಗ್ ಹುಡುಗನಿಗೆ ಈಗಲೇ ಹೇಳುತ್ತೇನೆ. ಒಟ್ಟು ತಗಡು ಎಷ್ಟು ಇವೆ?

ತಮ್ಮ: ಹೊರಗೆ ಹೋಗಿ ಎಣಿಸಿ ಬರುತ್ತೇನೆ, ಇರಿ.

ತಮ್ಮ: ಅಜ್ಜಿ ಕೂತಲ್ಲೇ ಹೇಳಿದಳು. ಖೋಲಿಗೆ ಹದಿನಾಲ್ಕು, ಕೊಟ್ಟಿಗೆಗೆ ಎಂಟು. ಅದರಲ್ಲಿ ಎರಡು ಹೋದ ವರ್ಷ ಹೊಲದಿಂದ ಹುಡುಕಿ ತಂದು ಹಾಕಿದ್ದು, ಅವು ಸೊಟ್ಟ ಇವೆ, ಹೊಸವೇ ತಾ ಅಂದಳು.