ಸಹಾಯ ಬೇಕು: ಕಾರಿನ ಎಸಿಯಿಂದ ಮುಗ್ಗಲು ವಾಸನೆ
ಮಾನ್ಯರೇ, ಮಡಿಕೇರಿಯ ಮಳೆಗಾಲದಲ್ಲಿ ಗಾಜು ಮಸುಕಾಗದಿರಲೆಂದು ನಿತ್ಯವೂ ಎಸಿ ಹಾಕಲೇಬೇಕಾದ ನಮ್ಮ ಕಾರಿನಲ್ಲಿ, ಗುಂಡಿ ಒತ್ತಿದ ಕೂಡಲೇ ಒದ್ದೆ ಗೋಣಿಚೀಲದಂಥ ಮುಗ್ಗಲು ವಾಸನೆ ಬಂದು, ಸ್ವಲ್ಪ ಹೊತ್ತಿನ ನಂತರ ಕಡಿಮೆಯಾಗುತ್ತದೆ. ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಬದಲಾಯಿಸಿದ್ದೇನೆ. ಹಳೆಯದರ ಮಡಿಕೆಗಳಲ್ಲಿ ಸಿಲ್ವರ್ ಓಕ್ ಎಲೆಯ ಚೂರುಗಳೂ ಕಪ್ಪು ಬೂಷ್ಟೂ ಅಂಟಿಕೊಂಡಿದ್ದವು. ಆದರೂ ವಾಸನೆ ಹೋಗದಿರುವುದರಿಂದ, ಇವಾಪೊರೇಟರ್ (ಎಸಿಯಲ್ಲಿ ಗಾಳಿಯನ್ನು ತಂಪಾಗಿಸುವ ಭಾಗ) ಮೇಲೆ ನಿಲ್ಲುವ ತೇವದಲ್ಲಿ ಬೂಷ್ಟು ಬೆಳೆದಿರಬೇಕೆಂಬುದು ನನ್ನ ಅನಿಸಿಕೆ. ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿಲ್ಲ. ಕಾರಿನಡಿ ನೀರು ತೊಟ್ಟಿಕ್ಕುತ್ತಿದೆ. ಒಳಗಿನ ತೇವ ಆರಲೆಂದು ಮನೆ ತಲುಪುವ ಮುನ್ನ ಎಸಿ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸುತ್ತೇನೆ, ಆದರೆ ಇಲ್ಲಿ ಹೊರಗಿನ ಗಾಳಿಯೇ ಒದ್ದೆ! ಸುಗಂಧದ ಡಬ್ಬಿಯ ಸಲಹೆ ದಯವಿಟ್ಟು ಬೇಡ. ಡ್ಯಾಶ್‌ಬೋರ್ಡ್ ಬಿಚ್ಚದೆ, ಫೋಮ್ ಕ್ಲೀನರ್ ಹಾಕಿ ಇವಾಪೊರೇಟರ್ ತೊಳೆದುಕೊಡುವವರು ಮಡಿಕೇರಿ ಅಥವಾ ಕುಶಾಲನಗರದಲ್ಲಿದ್ದರೆ, ತಗಲುವ ಖರ್ಚಿನೊಂದಿಗೆ ತಿಳಿಸಬೇಕಾಗಿ ವಿನಂತಿ.