ಪ್ರಶ್ನೆ ಮೊದಲೋ, ವಿಧಾನ ಮೊದಲೋ? ರಾಜ್ಯಶಾಸ್ತ್ರದ ಸ್ನಾತಕೋತ್ತರ ಪ್ರಬಂಧದ ಕುರಿತು ಚರ್ಚೆ

ಎರಡನೇ ವರ್ಷದವಳು: ನನ್ನ ಸ್ನಾತಕೋತ್ತರ ಪ್ರಬಂಧಕ್ಕೆ ಉಳಿದಿರುವುದು ಐದು ತಿಂಗಳು. ಸ್ಥಳೀಯ ಸಂಸ್ಥೆಗಳ ಸಭೆಗಳಲ್ಲಿ ಮಹಿಳಾ ಸದಸ್ಯರು ಕಡಿಮೆ ಮಾತನಾಡುವುದೇಕೆ ಎಂಬುದು ವಿಷಯ. ಸಂಶೋಧನಾ ವಿಧಾನದ ಅಧ್ಯಾಯವನ್ನೇ ಮೊದಲು ಬರೆದು ತರುವಂತೆ ಮಾರ್ಗದರ್ಶಕರು ಸೂಚಿಸಿದ್ದಾರೆ. ಸಂಖ್ಯಾಶಾಸ್ತ್ರ ಕಲಿಯಲು ಎರಡು ತಿಂಗಳು ಮೀಸಲಿಡಬೇಕೇ, ಅಥವಾ ಸಂದರ್ಶನಗಳನ್ನೇ ನೆಚ್ಚಿಕೊಳ್ಳಬಹುದೇ ಎಂದು ತಿಳಿದವರು ಹೇಳಬೇಕು.

ಅಂಕಿಸಂಖ್ಯೆ: ಕಲಿಯಲೇಬೇಕು. ಒಂದು ಅಂಶ ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆಂದು ಲೆಕ್ಕ ಹಾಕುವ ರಿಗ್ರೆಶನ್ ಅನ್ನು ನೀವೇ ಮಾಡದಿದ್ದರೂ, ಬೇರೆಯವರು ಮಾಡಿದ ಕೋಷ್ಟಕವನ್ನು ಓದಲು ಬಾರದಿದ್ದರೆ ಹಿಂದಿನ ಅಧ್ಯಯನಗಳನ್ನು ವಿಮರ್ಶಿಸುವುದಾದರೂ ಹೇಗೆ? ಸಂಖ್ಯೆ ಇರಲಿ, ಇಲ್ಲದಿರಲಿ, ಸಾಕ್ಷ್ಯದಿಂದ ತೀರ್ಮಾನಕ್ಕೆ ಬರುವ ತರ್ಕ ಒಂದೇ ಎಂದು ರಾಜ್ಯಶಾಸ್ತ್ರಜ್ಞರಾದ ಕಿಂಗ್, ಕಿಯೊಹೇನ್ ಮತ್ತು ವರ್ಬಾ 1994ರಲ್ಲಿ ವಾದಿಸಿದರು. ನಿಮ್ಮ ವಿಷಯದಲ್ಲೇ ಎಡವುವ ಜಾಗವೊಂದಿದೆ. ಮಹಿಳೆಯರು ಮೌನವಾಗಿರುವ ಸಂಸ್ಥೆಗಳನ್ನಷ್ಟೇ ಆರಿಸಿಕೊಂಡು, ಅಲ್ಲೆಲ್ಲ ಅಧ್ಯಕ್ಷರು ಪುರುಷರೇ ಎಂದು ಕಂಡುಕೊಂಡರೆ ಏನೂ ಸಾಬೀತಾಗುವುದಿಲ್ಲ. ಅವರು ಧಾರಾಳವಾಗಿ ಮಾತನಾಡುವ ಕಡೆಯೂ ಅಧ್ಯಕ್ಷರು ಪುರುಷರೇ ಇರಬಹುದು. ಫಲಿತಾಂಶವನ್ನು ನೋಡಿಕೊಂಡು ಪ್ರಕರಣ ಆರಿಸುವ ಈ ತಪ್ಪನ್ನು ರಾಜ್ಯಶಾಸ್ತ್ರಜ್ಞೆ ಬಾರ್ಬರಾ ಗೆಡ್ಡೆಸ್ 1990ರಲ್ಲೇ ಬಿಡಿಸಿ ತೋರಿಸಿದ್ದರು.

ಕಡತದ ಹುಳು: ಗೆಡ್ಡೆಸ್ ಅವರ ಎಚ್ಚರಿಕೆಯನ್ನು ಒಪ್ಪುತ್ತೇನೆ, ತರ್ಕ ಒಂದೇ ಎಂಬ ಮಾತನ್ನು ಒಪ್ಪಲಾರೆ. 2004ರಲ್ಲಿ ಬ್ರಾಡಿ ಮತ್ತು ಕೊಲಿಯರ್ ಸಂಪಾದಿಸಿದ ಗ್ರಂಥ ಹೊರಬಂದದ್ದೇ ಆ ವಾದಕ್ಕೆ ಉತ್ತರವಾಗಿ. ಒಂದೇ ಪ್ರಕರಣದೊಳಗೆ ಘಟನೆಗಳ ಜಾಡು ಹಿಡಿದು ಹೋಗುವ ಪ್ರೊಸೆಸ್ ಟ್ರೇಸಿಂಗ್‌ನಲ್ಲಿ ಸಾಕ್ಷ್ಯವನ್ನು ಎಣಿಸುವುದಿಲ್ಲ, ತೂಗುತ್ತಾರೆ. ಕಳ್ಳತನವಾದ ದಿನ ಆರೋಪಿ ಊರಿನಲ್ಲೇ ಇರಲಿಲ್ಲವೆಂದರೆ ಅವನ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು, ಆದರೆ ಇದ್ದನೆಂದ ಮಾತ್ರಕ್ಕೆ ಅವನೇ ಕಳ್ಳನಾಗುವುದಿಲ್ಲ. ಇಂಥ ಪರೀಕ್ಷೆಗೆ ಹೂಪ್ ಟೆಸ್ಟ್ ಎಂದು ಹೆಸರು. ಕಾರ್ಯಸೂಚಿ ಪುರುಷರಿಗಿಂತ ತಡವಾಗಿ ಕೈಸೇರುವುದೇ ಮಹಿಳೆಯರ ಮೌನಕ್ಕೆ ಕಾರಣ ಎಂದು ನೀವು ಊಹಿಸಿದ್ದೀರಿ ಎನ್ನೋಣ. ಎಲ್ಲರೂ ಒಂದೇ ದಿನ ಸಹಿ ಹಾಕಿ ಪಡೆದಿದ್ದರೆ ಆ ಊಹೆ ಬಿದ್ದುಹೋಯಿತು. ಇದಕ್ಕೆ ಎರಡು ತಿಂಗಳ ಸಂಖ್ಯಾಶಾಸ್ತ್ರ ಬೇಕಿಲ್ಲ.

ಅಂಕಿಸಂಖ್ಯೆ: ಸಹಿಯ ಕೆಳಗಿನ ದಿನಾಂಕವನ್ನು ಆಮೇಲೆ ತುಂಬಿರಲಿಕ್ಕಿಲ್ಲ ಎಂದು ನಂಬಿ ಹೇಳುತ್ತಿದ್ದೀರಿ.

ಕಡತದ ಹುಳು: ಆ ಮಾತು ಸರಿ, ಕಡತವನ್ನು ಹಾಗೇ ನಂಬಬಾರದು. ನಡವಳಿ ಪುಸ್ತಕದಲ್ಲಿ ಎಷ್ಟೋ ಕಡೆ “ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು” ಎಂಬ ಒಂದೇ ಸಾಲು ಮರುಕಳಿಸುತ್ತದೆ. ಚರ್ಚಿಸಿದವರು ಯಾರು, ಸುಮ್ಮನಿದ್ದವರು ಯಾರು ಎಂಬುದು ಅದರಲ್ಲಿ ಸಿಗುವುದಿಲ್ಲ. ಅದನ್ನು ಬರೆದವರಿಗೆ ಠರಾವು ಬೇಕಿತ್ತು, ಮಾತು ಬೇಕಿರಲಿಲ್ಲ.

ಟೇಪು ಕೇಳಿ ಸೋತವನು: ಸಂದರ್ಶನ ಸುಲಭದ ದಾರಿ ಎಂಬ ಧ್ವನಿ ಮೂಲ ಪ್ರಶ್ನೆಯಲ್ಲಿದೆ, ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಪ್ರಬಂಧದ ಮೊದಲ ನಾಲ್ಕು ಸಂದರ್ಶನಗಳಲ್ಲಿ “ಸಭೆಯಲ್ಲಿ ನಿಮಗೆ ಮಾತನಾಡಲು ಬಿಡುವುದಿಲ್ಲವೇ?” ಎಂದು ಕೇಳಿದ್ದೆ. ನಾಲ್ವರೂ “ಹಾಗೇನಿಲ್ಲ” ಎಂದು ಮುಗಿಸಿದರು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿದವನು ನಾನು, ತಪ್ಪು ಅವರದ್ದಲ್ಲ. ಐದನೆಯವರಿಗೆ “ಕಳೆದ ಸಭೆಯಲ್ಲಿ ನೀವು ಎಲ್ಲಿ ಕುಳಿತಿದ್ದಿರಿ, ಮೊದಲು ಎದ್ದವರು ಯಾರು?” ಎಂದು ಕೇಳಿದೆ. ಅವರು ನನ್ನ ಟಿಪ್ಪಣಿ ಪುಸ್ತಕವನ್ನೇ ತೆಗೆದುಕೊಂಡು ಕುರ್ಚಿಗಳ ನಕ್ಷೆ ಬರೆದು, ಮೈಕು ಯಾವ ಸಾಲಿನವರೆಗೆ ಬರುತ್ತದೆ ಎಂದು ಗೆರೆ ಎಳೆದು ತೋರಿಸಿದರು. ಇನ್ನೊಂದು ವಿಷಯ: ಒಂದು ಗಂಟೆಯ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಲು ನನಗೆ ಆರು ಗಂಟೆ ಹಿಡಿಯುತ್ತಿತ್ತು. ಮೂವತ್ತು ಸಂದರ್ಶನ ಮಾಡುತ್ತೇನೆ ಎಂದು ಬರೆಯುವ ಮುನ್ನ ಗುಣಿಸಿ ನೋಡಿ.

ಎರಡನೇ ವರ್ಷದವಳು: ಮೈಕಿನ ಮಾತು ನನಗೆ ಹೊಳೆದೇ ಇರಲಿಲ್ಲ. ನಾನು ಸಂಕೋಚ, ಶಿಕ್ಷಣ, ಮನೆಯ ಒತ್ತಡ ಎಂದು ವ್ಯಕ್ತಿಗಳೊಳಗೇ ಕಾರಣ ಹುಡುಕುತ್ತಿದ್ದೆ.

ಅಂಕಿಸಂಖ್ಯೆ: ಹಾಗಾದರೆ ರಾಜ್ಯಶಾಸ್ತ್ರಜ್ಞರಾದ ಕಾರ್ಪೊವಿಟ್ಜ್ ಮತ್ತು ಮೆಂಡೆಲ್‌ಬರ್ಗ್ ಅವರ ಕೆಲಸವನ್ನು ಓದಿ. ಐವರ ಗುಂಪುಗಳಲ್ಲಿ ಮಹಿಳೆಯರ ಸಂಖ್ಯೆಯನ್ನೂ ನಿರ್ಣಯದ ನಿಯಮವನ್ನೂ ಬದಲಿಸಿ, ಪ್ರತಿಯೊಬ್ಬರೂ ಎಷ್ಟು ಹೊತ್ತು ಮಾತನಾಡಿದರೆಂದು ಅಳೆದ ಪ್ರಯೋಗ ಅದು. ಮಹಿಳೆಯರು ಅಲ್ಪಸಂಖ್ಯೆಯಲ್ಲಿದ್ದಾಗ ಬಹುಮತಕ್ಕಿಂತ ಸರ್ವಾನುಮತದ ನಿಯಮ ಅವರ ಮಾತಿಗೆ ಹೆಚ್ಚು ಎಡೆ ಕೊಟ್ಟಿತು. ಒಂದೇ ಸ್ವಭಾವದವರು ನಿಯಮ ಬದಲಾದೊಡನೆ ಬೇರೆ ರೀತಿ ನಡೆದುಕೊಳ್ಳಬಹುದೆಂದರೆ ನಿಮ್ಮ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಗಡಿಯಾರ ಹಿಡಿದು ಅಳೆಯುವುದಕ್ಕೂ ಎರಡು ತಿಂಗಳು ಬೇಡ ಎಂದು ಒಪ್ಪುತ್ತೇನೆ. ಕೋಷ್ಟಕ ಓದಲು ಎರಡು ವಾರ ಮಾತ್ರ ಬೇಕೇ ಬೇಕು.

ಎರಡನೇ ವರ್ಷದವಳು: ಪ್ರಶ್ನೆಯನ್ನು ಹೀಗೆ ತಿದ್ದಿದ್ದೇನೆ: ಮಹಿಳಾ ಸದಸ್ಯರ ಪ್ರಮಾಣ ಹೆಚ್ಚುಕಡಿಮೆ ಸಮಾನವಾಗಿದ್ದೂ, ಸಭೆ ನಡೆಸುವ ರೀತಿ ಬೇರೆಯಾಗಿರುವ ಎರಡು ಸಂಸ್ಥೆಗಳಲ್ಲಿ ಅವರ ಮಾತಿನ ಅವಧಿ ವ್ಯತ್ಯಾಸವಾಗುತ್ತದೆಯೇ? ಮೊದಲು ಅಳತೆ, ಆಮೇಲೆ ಎಂಟು ಸಂದರ್ಶನಗಳು.

ಕಡತದ ಹುಳು: ಎರಡೇ ಸಂಸ್ಥೆಗಳಾದರೆ ಸಭೆಯ ರೀತಿಯೊಂದೇ ಅಲ್ಲ, ಇನ್ನೂ ಹತ್ತು ಸಂಗತಿಗಳು ಬೇರೆಯಾಗಿರುತ್ತವೆ. ಅವುಗಳಲ್ಲಿ ಯಾವುದನ್ನು ಯಾವ ಸಾಕ್ಷ್ಯದಿಂದ ತಳ್ಳಿಹಾಕುತ್ತೀರಿ ಎಂಬುದನ್ನು ವಿಧಾನದ ಅಧ್ಯಾಯದಲ್ಲೇ ಬರೆಯಿರಿ.

ಟೇಪು ಕೇಳಿ ಸೋತವನು: ಧ್ವನಿಮುದ್ರಣಕ್ಕೆ ಲಿಖಿತ ಒಪ್ಪಿಗೆಯ ಅರ್ಜಿಯನ್ನು ಇವತ್ತೇ ಕೊಡಿ. ನನ್ನದು ಏಳು ವಾರ ಮೇಜಿನ ಮೇಲೆಯೇ ಕುಳಿತಿತ್ತು.