ಎಚ್.265ಕ್ಕೆ ಬದಲಿಸಿದ ಮೇಲೆ ಚಿತ್ರ ಮಸುಕಾಗಿದೆ, ಏಕೆ?

ಪ್ರಶ್ನೆ: ಮನೆಯ ಹಳೆಯ ವಿಡಿಯೊಗಳನ್ನು ಎಚ್.264 ಕೋಡೆಕ್‌ನಿಂದ (ವಿಡಿಯೊವನ್ನು ಕುಗ್ಗಿಸುವ ವಿಧಾನ) ಎಚ್.265ಕ್ಕೆ ಬದಲಿಸಿದಾಗ ಕಡತದ ಗಾತ್ರ ಅರ್ಧಕ್ಕಿಳಿಯಿತಾದರೂ, ಮಗುವಿನ ಕೂದಲಿನ ಎಳೆಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತಿವೆ. ಹೊಸ ಕೋಡೆಕ್ ಎಂದ ಮೇಲೆ ಚಿತ್ರ ಇನ್ನಷ್ಟು ಸ್ಪಷ್ಟವಾಗಬೇಕಿತ್ತಲ್ಲವೇ?

ಉತ್ತರ 1: ಇಲ್ಲ. ಮೊದಲ ಎನ್‌ಕೋಡಿಂಗ್‌ನಲ್ಲೇ (ವಿಡಿಯೊ ಕುಗ್ಗಿಸುವಾಗಲೇ) ಕಳೆದುಹೋದ ವಿವರವನ್ನು 2013ರ ಎಚ್.265 ಆಗಲಿ, 2018ರ ಎವಿ1 ಕೋಡೆಕ್ ಆಗಲಿ ಮರಳಿ ತರಲಾರವು; ಮತ್ತೆ ಎನ್‌ಕೋಡ್ ಮಾಡಿದಾಗಲೆಲ್ಲ ಇನ್ನಷ್ಟು ಸೋರಿಹೋಗುತ್ತದೆ. ಎಚ್.265 ವಿಡಿಯೊ ತಯಾರಿಸುವ ಎಕ್ಸ್265 ತಂತ್ರಾಂಶದಲ್ಲಿ ಸಿಆರ್‌ಎಫ್ (ಗುಣಮಟ್ಟದ ಅಂಕಿ; ಕಡಿಮೆಯಾದಷ್ಟೂ ಚಿತ್ರ ಸ್ಪಷ್ಟ, ಕಡತ ದೊಡ್ಡದು) ತಾನಾಗಿಯೇ 28 ಇರುತ್ತದೆ. ಅದನ್ನು 22ಕ್ಕೆ ಇಳಿಸಿ, ಕೂದಲು ಕಾಣುವ ಒಂದು ನಿಮಿಷದ ತುಣುಕಿನ ಮೇಲೆ ಮಾತ್ರ ಪ್ರಯತ್ನಿಸಿ ನೋಡಿ.

ಉತ್ತರ 2: ಎಂಕೆವಿ ಕಡತವನ್ನು ಎಂಪಿ4 ಕಡತ ಮಾಡುವುದಷ್ಟೇ ಉದ್ದೇಶವಾಗಿದ್ದರೆ ಎನ್‌ಕೋಡಿಂಗ್ ಬೇಕಿಲ್ಲ, ಅವು ವಿಡಿಯೊ, ಧ್ವನಿಗಳನ್ನು ಇಡುವ ಬರೀ ಡಬ್ಬಿಗಳು, ಒಳಗಿನ ವಿಡಿಯೊವನ್ನು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಹಾಗೆಯೇ ನಕಲಿಸಬಲ್ಲದು.

ಪ್ರಶ್ನೆ ಕೇಳಿದವರು: 22ರಲ್ಲಿ ಕೂದಲು ಸರಿಯಾಯಿತು, ಆದರೆ ಗಾತ್ರ ಹೆಚ್ಚುಕಡಿಮೆ ಮೂಲದಷ್ಟೇ ಆಗಿದೆ. ಮೂಲ ಕಡತಗಳನ್ನೇ ಇಟ್ಟುಕೊಳ್ಳುತ್ತೇನೆ.